ಸೋಫಾ ಬಟ್ಟೆಗೆ ಹುಳಿ ಚೆಲ್ಲಿ, ಸೋಪು ಹಚ್ಚಿದ ಮೇಲೆ ಕಲೆ ಕೆಂಪಾಗಿದೆ. ಏನು ಮಾಡಲಿ?

ತಿಳಿ ಬಣ್ಣದ ಸೋಫಾದ ಮೇಲೆ ಚೆಲ್ಲಿದ ಹುಳಿಯನ್ನು ಬಟ್ಟೆ ಸೋಪಿನಿಂದ ಉಜ್ಜಿದಾಗ ಹಳದಿ ಕಲೆ ಕೆಂಪಾಯಿತು, ಬಟ್ಟೆ ಹಾಳಾಯಿತೇ ಎಂದು ತಾವು ಕೇಳಿದ್ದೀರಿ. ಹಾಳಾಗಿಲ್ಲ. ಆರತಿಯ ನೀರಿಗೆ ಅರಿಶಿನದ ಜೊತೆ ಚಿಟಿಕೆ ಸುಣ್ಣ ಹಾಕಿದರೆ ಅದು ಕೆಂಪಾಗುವುದನ್ನು ತಾವು ನೋಡಿರುತ್ತೀರಿ. ಬಟ್ಟೆ ಸೋಪಿನಲ್ಲಿಯೂ ಕ್ಷಾರವಿರುವುದರಿಂದ ಅರಿಶಿನದ ಕರ್ಕ್ಯುಮಿನ್ ಎಂಬ ಬಣ್ಣ ಇಲ್ಲಿಯೂ ಹಾಗೆಯೇ ತಿರುಗಿದೆ. ಒಂದು ಪಾಲು ಬಿಳಿ ವಿನೆಗರ್‌ಗೆ ಎರಡು ಪಾಲು ನೀರು ಬೆರೆಸಿ, ಅದರಲ್ಲಿ ಅದ್ದಿ ಹಿಂಡಿದ ಹಳೆಯ ಬಿಳಿ ಪಂಚೆಯ ತುಂಡನ್ನು ಕಲೆಯ ಮೇಲೆ ಒತ್ತಿದರೆ ಕೆಂಪು ಹೋಗಿ ಮತ್ತೆ ಹಳದಿ ಕಾಣುತ್ತದೆ.

ಆದರೆ ಯಾವ ನೀರು ಎಂಬುದು ನಮ್ಮ ಕೋಲಾರದ ಕಡೆ ಬಹಳ ಮುಖ್ಯ. ನಾನು ಒಮ್ಮೆ ಸೋಫಾದ ಕೈಯ ಮೇಲಿನ ಚಹಾ ಕಲೆಗೆ ಬೋರ್‌ವೆಲ್ ನೀರು ಸುರಿದು ಬ್ರಷ್‌ನಿಂದ ತಿಕ್ಕಿದ್ದೆ. ಚಹಾ ಹೋಯಿತು, ಮರುದಿನ ಒಣಗಿದಾಗ ಅಂಗೈಯಗಲದ ಬಿಳಿ ಉಂಗುರವೊಂದು ಮೂಡಿತ್ತು, ಬೆರಳಾಡಿಸಿದರೆ ಅದರ ಅಂಚು ಸಣ್ಣ ಮರಳಿನಂತೆ ತಡೆಯುತ್ತಿತ್ತು, ತಿಕ್ಕಿದ ಕಡೆ ಬಟ್ಟೆಯ ಜುಂಗು ಎದ್ದಿತ್ತು. ಗಡಸು ನೀರು ಆರಿದಾಗ ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಅಂಚಿನಲ್ಲಿ ಉಳಿಯುತ್ತವೆ. ಉಂಗುರವೇನೋ ವಿನೆಗರ್ ನೀರಿಗೆ ಬಿಟ್ಟಿತು, ಎದ್ದ ಜುಂಗು ಮಾತ್ರ ಇಂದಿಗೂ ಹಾಗೆಯೇ ಇದೆ. ಆದ್ದರಿಂದ ಫಿಲ್ಟರ್ ನೀರನ್ನೋ ಹಿಡಿದಿಟ್ಟ ಮಳೆ ನೀರನ್ನೋ ಬಳಸಿ, ಬಟ್ಟೆ ತೇವವಾಗುವಷ್ಟು ಮಾತ್ರ ಬಳಸಿ, ಮತ್ತು ದಯವಿಟ್ಟು ಉಜ್ಜಬೇಡಿ. ಒಳಗಿನ ಫೋಮ್‌ಗೆ ನೀರಿಳಿದರೆ ಎರಡು ದಿನವಾದರೂ ಆರದೆ ಮುಗ್ಗಲು ವಾಸನೆ ಹಿಡಿಯುತ್ತದೆ.

ಹುಳಿಯಲ್ಲಿ ಒಗ್ಗರಣೆಯ ಎಣ್ಣೆಯೂ ಇರುವುದರಿಂದ ಮುಂದೆ ಅದನ್ನು ತೆಗೆಯಬೇಕು. ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಅರ್ಧ ಚಮಚ ಸಾಕು. ನೊರೆಯನ್ನಷ್ಟೇ ಬಟ್ಟೆಯ ತುಂಡಿಗೆ ತೆಗೆದುಕೊಂಡು ಕಲೆಯ ಅಂಚಿನಿಂದ ನಡುವಿಗೆ ಒತ್ತುತ್ತಾ ಬನ್ನಿ, ಬಳಿಕ ಬರಿಯ ನೀರಿನ ತುಂಡಿನಿಂದ ಸೋಪನ್ನು ಪೂರ್ತಿ ಒತ್ತಿ ತೆಗೆಯಿರಿ. ಸೋಪು ಉಳಿದರೆ ಅದೇ ಜಾಗ ಧೂಳು ಹಿಡಿದು ಕಪ್ಪಾಗುತ್ತದೆ.

ಉಳಿದ ಹಳದಿಗೆ ಬಿಸಿಲಿನಂಥ ಮದ್ದಿಲ್ಲ, ಏಕೆಂದರೆ ಅರಿಶಿನದ ಬಣ್ಣ ಬೆಳಕಿಗೆ ಒಡೆಯುತ್ತದೆ. ದಿಂಬಾದರೆ ತಾರಸಿಯ ಮೇಲಿಡಿ, ಸೋಫಾವೇ ಆದರೆ ಬಿಸಿಲು ಬೀಳುವ ಕಿಟಕಿಯ ಬಳಿಗೆ ಎಳೆದು ಕಲೆಯನ್ನು ಅತ್ತ ತಿರುಗಿಸಿ. ಗಾಢ ಬಣ್ಣದ ಬಟ್ಟೆಯಾದರೆ ಅದರ ಬಣ್ಣವೂ ಮಾಸಬಹುದು. ತಮ್ಮದು ತಿಳಿ ಬಣ್ಣವಾದ್ದರಿಂದ ಆ ಭಯ ಕಡಿಮೆ.

ಇಷ್ಟಕ್ಕೂ ಮೊದಲು ದಿಂಬಿನ ಅಡಿಯ ಚೀಟಿಯನ್ನು ನೋಡಿಕೊಳ್ಳಿ. ಅಲ್ಲಿ ‘ಡಬ್ಲ್ಯು’ ಇದ್ದರೆ ನೀರು ತಾಗಿಸಬಹುದು, ‘ಎಸ್’ ಮಾತ್ರ ಇದ್ದರೆ ನೀರು ಕೂಡದು, ‘ಎಕ್ಸ್’ ಇದ್ದರೆ ದ್ರವವನ್ನೇ ಹಾಕಬಾರದು. ಚೀಟಿ ಇಲ್ಲದಿದ್ದರೆ ಸೋಫಾದ ಹಿಂಬದಿಯಲ್ಲಿ ಕಾಣದ ಕಡೆ ಒಂದು ಹನಿ ಹಾಕಿ, ಅದು ಪೂರ್ತಿ ಆರಿದ ಮೇಲೆ ಬಣ್ಣ ಬಿಟ್ಟಿಲ್ಲವೆಂದು ಖಚಿತಪಡಿಸಿಕೊಂಡೇ ಕಲೆಗೆ ಕೈ ಹಾಕಿ.