ಮಗ ಚುರುಕಾದ ಅಂದುಕೊಂಡ ದಿನಗಳು

ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಮಹೇಶನಿಗೆ 26 ವರ್ಷ, ಸಣ್ಣ ಹಾರ್ಡ್‌ವೇರ್ ಅಂಗಡಿ ಇದೆ. ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ತಿರ ಮೊದಲ ಸಲ ಬಂದಾಗ ಜೊತೆಗೆ ಅಪ್ಪ, ಅಮ್ಮ, ಡಿಗ್ರಿ ಓದುವ ತಂಗಿ ಇದ್ದರು. ಅವನು ಕೂರಲೇ ಇಲ್ಲ. ಕಿಟಕಿ ಹತ್ತಿರ ಹೋಗುತ್ತಿದ್ದ, ಬಂದು ನನ್ನ ಮೇಜಿನ ಫೈಲು ಜೋಡಿಸುತ್ತಿದ್ದ. "ಮೇಡಂ, ಈ ಕಟ್ಟಡಾನ ಮೂರೇ ತಿಂಗಳಲ್ಲಿ ಹೊಸದು ಮಾಡಿಕೊಡ್ತೀನಿ" ಅಂದ.

ಒಂಬತ್ತು ದಿನದಿಂದ ರಾತ್ರಿ ಎರಡು ಗಂಟೆ ಮಲಗಿದರೆ ಹೆಚ್ಚು ಅಂದರು ಅಮ್ಮ. ಆದರೂ ಸುಸ್ತಿಲ್ಲ. ಒಂದು ರಾತ್ರಿ ಅಂಗಡಿಯಿಂದ ಪೇಂಟ್ ಡಬ್ಬಿ ಹೊತ್ತು ತಂದ. ಬೆಳಗಾಗುವಷ್ಟರಲ್ಲಿ ಮನೆ ಮುಂದಿನ ಗೋಡೆ ಅರ್ಧ ಹಳದಿ, ಅರ್ಧ ನೀಲಿ, ಬಾಗಿಲ ಸುತ್ತ ಕೆಂಪು. ಆಮೇಲೆ ಅಮ್ಮನ ಸರ ಅಡವಿಟ್ಟು ಇನ್ನೊಂದು ಅಂಗಡಿಗೆ ಅಡ್ವಾನ್ಸ್ ಕೊಟ್ಟು ಬಂದ. ತಡೆಯಲು ಹೋದ ತಂಗಿ ಮೇಲೆ ಕೈ ಎತ್ತಿದ. ಅವತ್ತು ಕರೆದುಕೊಂಡು ಬಂದರು.

ಅಪ್ಪನಿಗೆ ಮಾತ್ರ ಒಪ್ಪಿಗೆ ಇರಲಿಲ್ಲ. "ಹೋದ ಮಳೆಗಾಲ ಎರಡು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಅದು ಕಾಯಿಲೆ. ಈಗ ಧೈರ್ಯ ಬಂದು ಚುರುಕಾಗಿದಾನೆ. ಸ್ವಲ್ಪ ಜಾಸ್ತಿ ಆಯ್ತು, ಅಷ್ಟೇ."

ಬೈಪೋಲಾರ್ ಅಂದರೆ ಕೆಲವು ಕಾಲ ಮಂಕು, ಕೆಲವು ಕಾಲ ವಿಪರೀತ ಉಮೇದು ಬರುವ ಮನಸ್ಸಿನ ಕಾಯಿಲೆ. ಅದರ ಬಗ್ಗೆ ನಾನು ಕೇಳುವ ತಪ್ಪು ತಿಳಿವಳಿಕೆಗಳಲ್ಲಿ ಹೆಚ್ಚು ಹಾನಿ ಮಾಡುವುದು ಇದೇ. ಮಂಕು ಬಡಿದಾಗ ಎಲ್ಲರೂ ಗಾಬರಿಯಾಗುತ್ತಾರೆ. ಉಮೇದು ಬಂದಾಗ ಮಗ ವಾಪಸ್ ಸಿಕ್ಕ ಅಂತ ಖುಷಿಪಡುತ್ತಾರೆ. ಎರಡೂ ಒಂದೇ ಕಾಯಿಲೆ. ಮಳೆಗಾಲದಲ್ಲಿ ಅವನಿಗೆ ಬರೀ ಖಿನ್ನತೆಯ ಮಾತ್ರೆ ಸಿಕ್ಕಿತ್ತು. ಮಂಕೊಂದೇ ಕಂಡಾಗ ಬೈಪೋಲಾರ್ ಅಂತ ಹೇಳುವುದು ಕಷ್ಟ. ಆದರೆ ಆ ಮಾತ್ರೆಯೊಂದನ್ನೇ ತಗೊಂಡರೆ ಕೆಲವರಲ್ಲಿ ಉಮೇದು ಕೆರಳುವುದೂ ಉಂಟು.

ನಾನು ಔಷಧಿ ಬರೆಯುವವಳಲ್ಲ. ಅವತ್ತೇ ಮನೋವೈದ್ಯರ ಹತ್ತಿರ ಕಳಿಸಿದೆ. ಮನೆಯವರಿಗೆ ಹೇಳಿದ್ದು ಇಷ್ಟು: ಈಗ ಅವನ ಜೊತೆ ವಾದ ಬೇಡ. ದನಿ ತಗ್ಗಿಸಿ ಮಾತಾಡಿ. ಬೈಕಿನ ಕೀ, ಎಟಿಎಂ ಕಾರ್ಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಅಡ್ವಾನ್ಸ್ ತಗೊಂಡವರ ಹತ್ತಿರ ಇವತ್ತೇ ಹೋಗಿ ಮಾತಾಡಿ.

ಎರಡು ವಾರ ಆಸ್ಪತ್ರೆಯಲ್ಲಿದ್ದು ಮನಸ್ಸಿನ ಏರಿಳಿತ ಹತೋಟಿಯಲ್ಲಿಡುವ ಲಿಥಿಯಂ ಮಾತ್ರೆ ಜೊತೆ ಮನೆಗೆ ಬಂದ. ಆಮೇಲಿನ ಭೇಟಿಯಲ್ಲಿ ಅಪ್ಪ ತುಂಬಾ ಹೊತ್ತು ಸುಮ್ಮನಿದ್ದು ಕೇಳಿದರು: "ನಾನು ಚಿಕ್ಕಂದಿನಿಂದ ಬೈದಿದ್ದಕ್ಕೆ ಹೀಗಾಯ್ತಾ ಮೇಡಂ?" ಬೈಗುಳದಿಂದ ಬರುವ ಕಾಯಿಲೆಯಲ್ಲ ಇದು. ರಕ್ತಸಂಬಂಧದಲ್ಲಿ ಹರಿಯುವ ಗುಣ ಇದಕ್ಕಿದೆ. ಅಮ್ಮ ಮೆಲ್ಲಗೆ, "ನಿಮ್ಮಣ್ಣನೂ ಹೀಗೇ ಅಲ್ವಾ?" ಅಂದರು. ಊರು ಬಿಟ್ಟು ಅಲೆಯುತ್ತಿದ್ದ ದೊಡ್ಡಪ್ಪನನ್ನು ಎಲ್ಲರೂ ಗ್ರಹಚಾರ ಅಂತ ಬಿಟ್ಟಿದ್ದರಂತೆ.

ಆಗ ತಂಗಿ ಹೆದರಿದಳು. "ನಂಗೂ ಬೆಳಿಗ್ಗೆ ಖುಷಿ, ಸಂಜೆ ಅಳು. ಕಾಲೇಜಲ್ಲಿ ಬೈಪೋಲಾರ್ ಅಂತ ರೇಗಿಸ್ತಾರೆ." ಗಂಟೆಗೊಮ್ಮೆ ಮನಸ್ಸು ಬದಲಾದರೆ ಅದು ಬೈಪೋಲಾರ್ ಅಲ್ಲಮ್ಮ ಅಂದೆ. ಇದರಲ್ಲಿ ಉನ್ಮಾದ, ಅಂದರೆ ಆ ವಿಪರೀತ ಉಮೇದು, ಕನಿಷ್ಠ ಒಂದು ವಾರ, ಮಂಕು ಕನಿಷ್ಠ ಎರಡು ವಾರ ಹಿಡಿದು ಕೂರುತ್ತದೆ. ನಿದ್ದೆ, ಮಾತು, ಖರ್ಚು ಎಲ್ಲ ಒಟ್ಟಿಗೆ ಬದಲಾಗುತ್ತವೆ. ಒಡಹುಟ್ಟಿದವರಿಗೆ ಇದ್ದರೆ ನಮಗೂ ಬರುವ ಸಾಧ್ಯತೆ 100ರಲ್ಲಿ 5ರಿಂದ 10. ಬಾರದಿರುವ ಸಾಧ್ಯತೆಯೇ ಜಾಸ್ತಿ.

ಮಾತ್ರೆ ಬಗ್ಗೆ ಅವರಿಗೆ ಇನ್ನೊಂದು ಭಯ: ಚಟ ಹಿಡಿಯುತ್ತೆ, ಮಂಪರು ಬರಿಸುತ್ತೆ. ಲಿಥಿಯಂ ನಿದ್ದೆ ಮಾತ್ರೆಯಲ್ಲ, ಚಟ ಹಿಡಿಸುವುದೂ ಇಲ್ಲ. ಅದೊಂದು ಲವಣ. ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಉನ್ಮಾದಕ್ಕೆ ಇದರ ಉಪಯೋಗ ತೋರಿಸಿದರು. ಆದರೆ ಅಳತೆ ತಪ್ಪಬಾರದು. ಅದಕ್ಕೇ ಆಗಾಗ ರಕ್ತ ಪರೀಕ್ಷೆ. ಕಿಡ್ನಿ, ಥೈರಾಯ್ಡ್ ಕೂಡ ನೋಡಿಸಬೇಕು.

ಇಲ್ಲಿ ಒಂದು ಸೂಕ್ಷ್ಮ ಸಿಕ್ಕಿತು. ಅಪ್ಪನಿಗೆ ಬಿಪಿ ಅಂತ ಅಮ್ಮ ಸಾರಿಗೆ ಉಪ್ಪು ಹಾಕುವುದನ್ನೇ ನಿಲ್ಲಿಸುವವರಿದ್ದರು. ಊಟದಲ್ಲಿ ಉಪ್ಪು ದಿಢೀರ್ ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ವಾಂತಿ ಭೇದಿಯಾದಾಗ, ನೀರೂ ಕುಡಿಯದೆ ಉಪವಾಸ ಮಾಡಿದಾಗಲೂ ಹಾಗೇ. ಬೆನ್ನು ನೋವಿಗೆ ಮೆಡಿಕಲ್ ಶಾಪಿನಿಂದ ಐಬುಪ್ರೊಫೇನ್, ಡೈಕ್ಲೋಫೆನಾಕ್ ತಂದು ನುಂಗುವುದೂ ಅಪಾಯ. ಕೈ ಜೋರಾಗಿ ನಡುಗಿದರೆ, ಮಾತು ತೊದಲಿದರೆ, ನಡೆಯುವಾಗ ತೂರಾಡಿದರೆ ತಕ್ಷಣ ಆಸ್ಪತ್ರೆಗೆ ಹೋಗಿ ಅಂದೆ. ಅಮ್ಮ ಇದನ್ನು ಕ್ಯಾಲೆಂಡರ್ ಹಿಂದೆ ಬರೆದುಕೊಂಡರು.

ಸೋದರಮಾವ ಮದುವೆ ಮಾತು ತೆಗೆದಿದ್ದರಂತೆ, ಮದುವೆಯಾದರೆ ಸರಿಹೋಗುತ್ತಾನೆ ಅಂತ. ಇದಕ್ಕೆ ನಾನು ಗಟ್ಟಿಯಾಗಿಯೇ ಬೇಡ ಅಂದೆ. ಮದುವೆ ಔಷಧಿಯಲ್ಲ. ಗದ್ದಲ, ನಿದ್ದೆಗೆಟ್ಟ ರಾತ್ರಿಗಳೇ ಕಾಯಿಲೆ ಮರುಕಳಿಸಲು ಸಾಕು. ಮುಚ್ಚಿಟ್ಟು ಮಾಡಿದರೆ ಆ ಹುಡುಗಿಗೂ ಅನ್ಯಾಯ. ಒಂದೆರಡು ವರ್ಷ ಚೆನ್ನಾಗಿರಲಿ. ಮದುವೆ ಬೇಕೋ ಬೇಡವೋ ಅವನೇ ಹೇಳಲಿ. ಬೇಕಾದರೆ ಹುಡುಗಿಗೆ ಎಲ್ಲ ಹೇಳಿ ಆಗಲಿ.

ಮಹೇಶನಿಗೆ ಒಂದೇ ಕೆಲಸ ಕೊಟ್ಟೆ. ದಿನಾ ಡೈರಿಯಲ್ಲಿ ನಿದ್ದೆಯ ಗಂಟೆ ಬರೆಯಬೇಕು. ಎರಡು ರಾತ್ರಿ ಐದು ಗಂಟೆಗಿಂತ ಕಡಿಮೆಯಾಗಿ, ಸುಸ್ತೂ ಇಲ್ಲದಿದ್ದರೆ ಕಾಯದೆ ಡಾಕ್ಟರ ಹತ್ತಿರ ಹೋಗಬೇಕು. ಮಂಕು ಮರಳಿ ಬಂದು ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ ಅಂತ ಮನೆಯವರಿಗೆ ಹೇಳಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಪ್ಪ ಫೋನ್ ಮಾಡಿದರು. "ಮೇಡಂ, ಮೊನ್ನೆ ನಾಲ್ಕೂವರೆ ಗಂಟೆ, ನಿನ್ನೆ ನಾಲ್ಕು. ಅಂಗಡಿ ಬೋರ್ಡು ಬದಲಾಯಿಸ್ಬೇಕು ಅಂತಿದಾನೆ. ಆಸ್ಪತ್ರೆಗೆ ಹೊರಟಿದೀವಿ." ಹಿಂದೆ ಬಸ್ ಸ್ಟ್ಯಾಂಡಿನ ಸದ್ದು. ಫೋನನ್ನು ಮಗನಿಗೆ ಕೊಟ್ಟರು. "ಡೈರಿ ನೋಡಿ ನಾನೇ ಹೇಳಿದ್ದು ಮೇಡಂ, ಹೋಗಿ ಬರೋಣ ಅಂತ" ಅಂದ.