ಮಂಡ್ಯದ ಬಿಸಿಲು: ನೀವು ಕೇಳಿದ್ದು, ನಾನು ಹೇಳಿದ್ದು

ಫೋನಿನಲ್ಲೇ ಪರಿಚಯವಾದ ಗೆಳೆಯ ಗೆಳತಿಯರು ನನಗೆ ಬೇರೆ ಬೇರೆ ದೇಶಗಳಲ್ಲಿದ್ದಾರೆ. ಕೆಲವರು ಇಲ್ಲಿಂದ ಹೋದ ಕನ್ನಡದವರು. ಕೆಲವರು ಅಂಥವರ ಮನೆ ಸೇರಿ ಕನ್ನಡ ಕಲಿತವರು. ಬೇಸಿಗೆ ಬಂದರೆ ಇವರ ಪ್ರಶ್ನೆಗಳೂ ಜಾಸ್ತಿ. ಈ ಸಲದ ಅಂಕಣ ಪೂರ್ತಿ ಅವರಿಗೆ.

ನಮ್ಮಲ್ಲಿ ಬೇಸಿಗೆ ಅಂದರೆ ಜುಲೈ. ನಿಮ್ಮಲ್ಲಿ ಏಪ್ರಿಲ್‌ಗೇ ಬೆಂದುಹೋಗಿ ಜುಲೈನಲ್ಲಿ ತಂಪು ಅಂತೀರಿ. ಹೇಗೆ? (ಫಿನ್‌ಲೆಂಡಿನಿಂದ)

ಮಂಡ್ಯ ಇರುವುದು ಸಮಭಾಜಕದಿಂದ ಉತ್ತರಕ್ಕೆ ಹನ್ನೆರಡೂವರೆ ಡಿಗ್ರಿಯಲ್ಲಿ. ಹಾಗಾಗಿ ಏಪ್ರಿಲ್ 23ರ ಆಸುಪಾಸಿಗೇ ಸೂರ್ಯ ನಮ್ಮ ನೆತ್ತಿಗೆ ಬರುತ್ತಾನೆ. ಆ ದಿನ ಮಧ್ಯಾಹ್ನ 12.20ರ ಸುಮಾರಿಗೆ ಅಂಗಳದಲ್ಲಿ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಮಕ್ಕಳಿಗೆ ಇದನ್ನು ತೋರಿಸುವುದು ನನಗೆ ಬಲು ಇಷ್ಟದ ಕೆಲಸ. ಆಗಸ್ಟ್‌ನಲ್ಲಿ ಸೂರ್ಯ ಮತ್ತೆ ನೆತ್ತಿಗೆ ಬರುತ್ತಾನೆ. ಆದರೆ ಜೂನ್‌ನಿಂದಲೇ ಮುಂಗಾರಿನ ಮೋಡ, ಗಾಳಿ ಶುರುವಾಗಿರುತ್ತದಲ್ಲ, ಬಿಸಿಲು ನೆಲಕ್ಕೆ ಅಷ್ಟಾಗಿ ತಾಕುವುದಿಲ್ಲ.

ಮಂಗಳೂರಿಗಿಂತ ನಿಮ್ಮಲ್ಲಿ ಉಷ್ಣಾಂಶ ಜಾಸ್ತಿ ಇದ್ದ ದಿನವೂ ಅಲ್ಲೇ ಹೆಚ್ಚು ಕಷ್ಟವಾಯಿತು. ಯಾಕೆ?

ಅಲ್ಲಿ ಬೆವರು ಆರುವುದಿಲ್ಲ. ನಮ್ಮ ಗಾಳಿ ಒಣ, ನೆರಳಿಗೆ ಬಂದರೆ ಬೆವರು ಆರಿ ಜೀವ ಬರುತ್ತದೆ.

ಎ.ಸಿ. ಇಲ್ಲದೆ ನಿದ್ದೆ ಹೇಗೆ ಮಾಡುತ್ತೀರಿ? (ಕೆನಡಾದಿಂದ)

ಇಲ್ಲಿ ಏಪ್ರಿಲ್ ರಾತ್ರಿಯೂ ಹೊರಗೆ ಇಪ್ಪತ್ತೊಂದು ಇಪ್ಪತ್ತೆರಡು ಡಿಗ್ರಿಗೆ ಇಳಿಯುತ್ತದೆ. ನಿದ್ದೆ ಕೆಡಿಸುವುದು ತಲೆ ಮೇಲಿನ ತಾರಸಿ. ಹಗಲೆಲ್ಲ ಕುಡಿದ ಬಿಸಿಯನ್ನು ಅದು ನಡುರಾತ್ರಿವರೆಗೆ ಕೆಳಗೆ ಬಿಡುತ್ತಾ ಇರುತ್ತದೆ. ಹೆಂಚಿನ ಮನೆಯಲ್ಲಿ ಈ ಕಾಟ ಕಮ್ಮಿ. ಹೆಂಚು ಬೇಗ ಕಾಯುತ್ತದೆ, ಬೇಗ ಆರುತ್ತದೆ, ಸಂದಿಯಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತದೆ. ನಾವು ತಾರಸಿಗೆ ಬಿಳಿ ಸುಣ್ಣ ಹೊಡೆಸಿ, ಮಲಗುವ ಕೋಣೆಯ ಮೇಲೆ ತೆಂಗಿನ ಗರಿ ಹಾಸುತ್ತೇವೆ. ಗರಿಗೆ ಮಂಡ್ಯದಲ್ಲಿ ಬರವೇ? ಬೆಳಿಗ್ಗೆ ಒಂಬತ್ತಕ್ಕೆಲ್ಲ ಕಿಟಕಿ ಮುಚ್ಚಿ ಪರದೆ ಎಳೆಯಿರಿ, ಸಂಜೆ ಹೊರಗಿನ ಗಾಳಿ ತಣ್ಣಗಾದ ಮೇಲೆ ತೆಗೆಯಿರಿ. ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ, ನಿಮ್ಮ ಬೆವರನ್ನು ಬೇಗ ಆರಿಸುತ್ತದೆ ಅಷ್ಟೆ. ಯಾರೂ ಇಲ್ಲದ ಕೋಣೆಯಲ್ಲಿ ಅದು ಸುಮ್ನೆ ತಿರುಗುವುದು ಬೇಡ.

ಮಣ್ಣಿನ ಮಡಕೆ ತಂದೆ. ನೀರು ತಣ್ಣಗಾಗುತ್ತಲೇ ಇಲ್ಲ.

ಹೊರಗೆ ಬಣ್ಣ, ವಾರ್ನಿಷ್ ಬಳಿದಿದೆಯೇ ನೋಡಿ. ನೀರು ಮಡಕೆಯ ಸಣ್ಣ ಸಣ್ಣ ರಂಧ್ರಗಳಿಂದ ಜಿನುಗಿ, ಹೊರಮೈಯಲ್ಲಿ ಆವಿಯಾಗಬೇಕು. ಹಾಗೆ ಆವಿಯಾಗುವಾಗ ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ರಂಧ್ರ ಮುಚ್ಚಿದ್ದರೆ ಅದು ಸ್ಟೀಲ್ ಪಾತ್ರೆಗೆ ಸಮ. ಗಾಳಿ ಆಡುವ ಕಡೆ, ನೆರಳಲ್ಲಿ ಇಡಿ. ಒಂದು ಹಿಡಿ ಲಾವಂಚದ ಬೇರು ತೊಳೆದು ಹಾಕಿದರೆ ಘಮ ಚೆನ್ನಾಗಿರುತ್ತದೆ.

ಇಷ್ಟು ಬಿಸಿಲಲ್ಲಿ ಹೊರಗೆ ಕೆಲಸ ಮಾಡುವವರು ಏನು ಮಾಡುತ್ತಾರೆ? (ನೆದರ್‌ಲೆಂಡ್ಸ್‌ನಿಂದ)

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ತುಂಬಾ ಥ್ಯಾಂಕ್ಸ್. ಬಿಸಿಲನ್ನು ತಡೆಯುವುದೆಂದರೆ ಹೆಚ್ಚಿನ ಪಾಲು ಹೊತ್ತು ನೋಡಿಕೊಂಡು ಬದುಕುವುದು. ಹೊಲದವರು ಬೆಳಕು ಹರಿಯುವ ಮೊದಲೇ ಹೋಗುತ್ತಾರೆ. ಹನ್ನೊಂದಕ್ಕೆಲ್ಲ ಮರದಡಿ ಬಂದು ರಾಗಿ ಅಂಬಲಿ, ಮಜ್ಜಿಗೆ ಕುಡಿದು, ಮತ್ತೆ ನಾಲ್ಕಕ್ಕೆ ಇಳಿಯುತ್ತಾರೆ. ಆದರೆ ಹೊತ್ತು ತಮ್ಮ ಕೈಯಲ್ಲಿ ಇಲ್ಲದವರ ಗತಿ? ನಮ್ಮ ಜಿಲ್ಲೆಯ ಆಲೆಮನೆಗೆ ಒಮ್ಮೆ ಮಧ್ಯಾಹ್ನ ಹೋಗಿ ನೋಡಿ. ಕೊಪ್ಪರಿಗೆಯಲ್ಲಿ ಬೆಲ್ಲದ ಪಾಕ ಇಳಿಸುವ ಹದಕ್ಕೆ ಬರುವಾಗ ಸುಮಾರು 118 ಡಿಗ್ರಿ ಇರುತ್ತದೆ. ಒಬ್ಬರು ಅದರ ಪಕ್ಕದಲ್ಲೇ ನಿಂತು ಕೈಯಾಡಿಸಬೇಕು. ಇನ್ನೊಬ್ಬರು ಕಬ್ಬಿನ ಒಣಸಿಪ್ಪೆ ತುಂಬುತ್ತಾ ಒಲೆಯ ಬಾಯಲ್ಲೇ ಕೂತಿರಬೇಕು. ಹದ ಬಂದಾಗ ಇಳಿಸಲೇಬೇಕು, ಬಿಸಿಲು ಇಳಿಯಲಿ ಎಂದು ಪಾಕ ಕಾಯುವುದಿಲ್ಲ. ಉತ್ತರ ಪ್ರದೇಶ, ಬಿಹಾರದಿಂದ ಬಂದವರೂ ಈ ಕೆಲಸದಲ್ಲಿದ್ದಾರೆ. ಕಟ್ಟಡ ಕೆಲಸದವರು, ರಸ್ತೆಗೆ ಡಾಂಬರು ಹಾಕುವವರು, ಬೈಕಿನಲ್ಲಿ ಊಟ ತಲುಪಿಸುವ ಹುಡುಗರು, ಇವರಿಗೂ ಹೊತ್ತು ಬೇರೆಯವರದೇ.

ಕಲಬುರಗಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಒಳ್ಳೆಯ ಪದ್ಧತಿ. ಸೂರಿನಡಿ ಕೂತವರಿಗೆ ಇಷ್ಟು ಮಾಡಬಹುದಾದರೆ ಗಾರೆ ಹೊರುವ ಹೆಂಗಸಿಗೂ ಮಾಡಬಹುದು, ಅಲ್ವಾ? ಮನೆ ಕಟ್ಟಿಸುವವರಿಗೆ ನಾನು ಹೇಳುವುದು ಇಷ್ಟೆ: ಕೆಲಸ ಆರಕ್ಕೇ ಶುರು ಮಾಡಿಸಿ, ಹನ್ನೆರಡರಿಂದ ಮೂರು ಬಿಡುವು ಕೊಡಿ, ಕೂಲಿ ಮುರಿಯಬೇಡಿ. ರಾಮನವಮಿಗೆ ಅರವಟ್ಟಿಗೆ ಇಟ್ಟು ಪಾನಕ, ನೀರುಮಜ್ಜಿಗೆ ಹಂಚುತ್ತೀರಿ, ಸಂತೋಷ. ಅದನ್ನು ಮರುದಿನವೇ ಎತ್ತಬೇಡಿ. ನಿಜವಾದ ಬಿಸಿಲು ಆಮೇಲೆಯೇ ಇರುವುದು. ಗೇಟಿನ ಹೊರಗೆ ಒಂದು ಮಡಕೆ, ಒಂದು ಲೋಟ ಮೇ ಕೊನೆಯವರೆಗೂ ಇರಲಿ.

ಏಪ್ರಿಲ್‌ನಲ್ಲಿ ಪುಟ್ಟ ಮಗುವಿನ ಜೊತೆ ಬರುತ್ತಿದ್ದೇವೆ. ಏನು ಜಾಗ್ರತೆ?

ತೆಳು ಹತ್ತಿ ಬಟ್ಟೆ ತನ್ನಿ. ಹನ್ನೊಂದರಿಂದ ನಾಲ್ಕು ಗಂಟೆ ಹೊರಗೆ ಬೇಡ, ಮೈಸೂರು ಅರಮನೆಯನ್ನು ಬೆಳಿಗ್ಗೆ ಹತ್ತಕ್ಕೆ ತೆರೆದ ಕೂಡಲೇ ನೋಡಿ ಬಂದುಬಿಡಿ. ಮದ್ದೂರಿನ ಮೇಲೆ ಬಂದರೆ ಎಳನೀರು ಧಾರಾಳ. ನಿಂತ ಕಾರಿನಲ್ಲಿ ಮಗುವನ್ನು ಒಂದು ನಿಮಿಷವೂ ಬಿಡಬೇಡಿ. ವಾಂತಿ ಭೇದಿಯಾದರೆ ಓಆರ್‌ಎಸ್ ಕೊಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಮೈ ಕೆಂಡದಂತೆ ಸುಟ್ಟು, ಮಗು ಮಂಕಾಗಿ ಮಾತಾಡಿಸಿದರೂ ತಿರುಗದಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಲೇ 108ಕ್ಕೆ ಫೋನ್ ಮಾಡಿ. ಟಿಕೆಟ್ ಇನ್ನೂ ತೆಗೆದಿಲ್ಲವಾದರೆ ಡಿಸೆಂಬರ್‌ಗೆ ಬನ್ನಿ, ಆಗ ಅವರೆಕಾಯಿಯೂ ಸಿಗುತ್ತದೆ.