ತುಂಟ ಪಗ್ ಫೋಟೊ ಮಸುಕಾಗುತ್ತಿದ್ದರೆ

ಅಕ್ಕ ಊರಿಗೆ ಹೋಗಿದ್ದಾರೆ, ಅವರ ಪಗ್ ನಾಯಿ ಧಾರವಾಡದ ನಿಮ್ಮ ಮನೆಯಲ್ಲಿದೆ, ಮೊಬೈಲಿನಲ್ಲಿ ತೆಗೆದ ಫೋಟೊ ಎಲ್ಲ ಮಸುಕು, ಕರಿ ಮುಖದಲ್ಲಿ ಕಣ್ಣೇ ಕಾಣುವುದಿಲ್ಲ ಅಂದಿದ್ದೀರಿ.

ತಪ್ಪು ನಾಯಿಯದಲ್ಲ, ಬೆಳಕಿನದು. ಟ್ಯೂಬ್‌ಲೈಟಿನಲ್ಲಿ ಫೋನು ಶಟರ್ (ಬೆಳಕು ಒಳಗೆ ಬಿಡುವ ಹೊತ್ತು) ನಿಧಾನ ಮಾಡುತ್ತದೆ, ಅಷ್ಟರಲ್ಲಿ ನಾಯಿ ಸೋಫಾ ಕೆಳಗೆ! ಬೆಳಿಗ್ಗೆ ಪಡಸಾಲೆಯ ಕಿಟಕಿ ಹತ್ತಿರ ತೆಗೆಯಿರಿ. ಕ್ಯಾಮೆರಾದಲ್ಲಿ ಪ್ರೊ ಮೋಡ್ (ಸೆಟ್ಟಿಂಗ್ ನಾವೇ ಬದಲಿಸುವುದು) ಇದ್ದರೆ ಶಟರ್ 1/500 ಸೆಕೆಂಡ್ ಇಡಿ, ಓಡುವಾಗ 1/1000. ಇಲ್ಲದಿದ್ದರೆ ಬರ್ಸ್ಟ್ (ಒಂದರ ಹಿಂದೊಂದು ಸಾಲಾಗಿ ಫೋಟೊ) ಹಾಕಿ, ಒಂದಾದರೂ ಸಿಗುತ್ತದೆ. ಮುಖದ ಮೇಲೆ ಬೆರಳಿಟ್ಟು ಫೋಕಸ್ ಮಾಡಿ, ಫೋನಿನಲ್ಲೇ ಫೋಟೊದ ಬೆಳಕು ಸ್ವಲ್ಪ ಜಾಸ್ತಿ ಮಾಡಿ. ಫ್ಲ್ಯಾಶ್ ಬೇಡವೇ ಬೇಡ, ಕಣ್ಣು ದೀಪದ ಹಾಗೆ ಹೊಳೆಯುತ್ತದೆ.

ಮುಖ್ಯವಾಗಿ, ನಿಂತು ತೆಗೆಯಬೇಡಿ. ನೆಲದ ಮೇಲೆ ಬೋರಲು ಮಲಗಿ. ಮುಖ ನೆಕ್ಕಲು ಬಂದೇ ಬರುತ್ತದೆ, ಆಗ ಒತ್ತಿ. ನನ್ನ ಪ್ರಕಾರ ಚಪ್ಪಲಿ ಕಚ್ಚಿಕೊಂಡು ಓಡುವ ಫೋಟೊನೇ ಅಕ್ಕನಿಗೆ ಜಾಸ್ತಿ ಇಷ್ಟವಾಗುತ್ತದೆ, ಸುಮ್ನೆ ಕೂತದ್ದಲ್ಲ. (ಹಳೇ ಚಪ್ಪಲಿ ಕೊಡಿ!)

ಕರೆಯಲು ಚಪಾತಿ ಚೂರು ಸಾಕು. ಪೇಡೆ, ಚಾಕೊಲೇಟ್, ದ್ರಾಕ್ಷಿ ಕೊಡಬೇಡಿ. ಮತ್ತೆ, ಪಗ್ ಮೂಗು ಚಪ್ಪಟೆ, ಬಿಸಿಲಲ್ಲಿ ಉಸಿರಾಟ ಕಷ್ಟ. ಕೆಲಗೇರಿ ಕೆರೆಗೆ ಕರೆದೊಯ್ದರೆ ಬೆಳಿಗ್ಗೆ ಬೇಗ ಹೋಗಿ, ಬೆಲ್ಟ್ ಬಿಚ್ಚಬೇಡಿ.